ತಣ್ಣಣ್ಣನ ಮುಚ್ಚಿದ ಪೆಟ್ಟಿಗೆ

ಬೆಳಕು ಹರಿಯುತ್ತಿರುವ ಹೊತ್ತು. ಪ್ರಯೋಗಾಲಯದ ಹಿಂಬಾಗಿಲಿನಿಂದ ಒಬ್ಬರು ಪೆಟ್ಟಿಗೆಯೊಂದನ್ನು ತಬ್ಬಿಕೊಂಡು ಇಳಿಯುತ್ತಿದ್ದಾರೆ. ಹಾಲಿನ ಕ್ಯಾನಿನಷ್ಟು ಎತ್ತರ, ಸೊಂಟ ಕುಂಯ್ ಎನ್ನುವಷ್ಟು ಭಾರ. ವ್ಯಾನಿನಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿ, ಬೆಲ್ಟು ಬಿಗಿದು, ಮುಚ್ಚಳದ ಸೀಲನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಅವರ ಬಗ್ಗೆ ಬರೆಯಲೆಂದು ಜೊತೆಗೆ ಹೊರಟ ನನ್ನತ್ತ ತಿರುಗುತ್ತಾರೆ.

"ಹತ್ತಿ ಸರ್. ಎಷ್ಟು ಬೇಕಾದ್ರೂ ಮಾತಾಡಿ, ನಗಿಸ್ಬೇಡಿ. ಗಾಡಿ ಅಲ್ಲಾಡುತ್ತೆ."

ಎಲ್ಲರ ಬಾಯಲ್ಲಿ ಇವರು ತಣ್ಣಣ್ಣ. ಪೆಟ್ಟಿಗೆಯೂ ತಣ್ಣಗೆ, ಗಾಡಿ ಓಡಿಸುವುದೂ ತಣ್ಣಗೆ. ಹಿಂದಿನವರು ಹಾರ್ನಿನಲ್ಲೇ ಬೈದರೆ ಕಿಟಕಿಯಿಂದ ಕೈಬೀಸಿ, ಮದುವೆ ಮನೆಗೆ ಬರಮಾಡಿಕೊಂಡಂತೆ ದಾರಿ ಬಿಡುತ್ತಾರೆ.

ಪೆಟ್ಟಿಗೆಯೊಳಗಿರುವುದು ಲಿವರ್ ಕ್ಯಾನ್ಸರಿಗೆಂದು ಇನ್ನೂ ಪ್ರಯೋಗದ ಹಂತದಲ್ಲಿರುವ ಲಸಿಕೆ. ರೋಗಿಯ ಗಡ್ಡೆಯ ಚೂರು, ಅವರದೇ ರಕ್ತದ ಕಣಗಳು, ಇವುಗಳಿಂದಲೇ ತಯಾರಿ. ದೇಹದ ಕಾವಲುಗಾರ ಕಣಗಳಿಗೆ 'ನೋಡ್ರೋ, ಕಳ್ಳ ಇವನೇ' ಎಂದು ಮುಖ ತೋರಿಸಿಕೊಡುವುದು ಅದರ ಕೆಲಸ. ಒಬ್ಬರಿಗೆ ಮಾಡಿದ್ದು ಇನ್ನೊಬ್ಬರಿಗೆ ಆಗದು. ಆಸ್ಪತ್ರೆಯಿಂದ ಗಡ್ಡೆ ತರುವವರೂ ತಣ್ಣಣ್ಣ, ಲಸಿಕೆ ಒಯ್ಯುವವರೂ ತಣ್ಣಣ್ಣ. ನಡುವೆ ತಯಾರಿಗೆ ವಾರಗಟ್ಟಲೆ ಬೇಕು. ಕ್ಯಾನ್ಸರಿಗೆ ಮಾತ್ರ ವಾರದ ರಜೆಯಿಲ್ಲ.

"ಹೋದ ವರ್ಷ ನಮ್ಮ ಭಾವನ ಗಡ್ಡೆನೂ ನಾನೇ ತಂದೆ. ಅಕ್ಕನ ಯಜಮಾನ್ರು. ನಂಗೆ ಗಾಡಿ ಕಲಿಸಿದ ಗುರು." ಕತ್ತು ಹಿಂದಕ್ಕೆ ಎಳೆದು ಭಾವನೇ ಆಗಿಬಿಡುತ್ತಾರೆ: "'ಲೋ ಭಾಮೈದ, ಬ್ರೇಕು ಕಾಲಲ್ಲಿ ಹಾಕೋ, ಹಲ್ಲಲ್ಲಲ್ಲ!'"

ಲಸಿಕೆ ತಯಾರಾದ ದಿನ ಪೆಟ್ಟಿಗೆ ಹೊತ್ತು ಆಸ್ಪತ್ರೆಯ ಕಾರಿಡಾರಿಗೆ ಬಂದರೆ ಅಕ್ಕ ಬೆಂಚಿನಿಂದೆದ್ದು ಓಡಿಬಂದರಂತೆ. "'ಒಂದ್ಸಲ ತೋರ್ಸೋ, ಕಣ್ತುಂಬ ನೋಡ್ತೀನಿ' ಅಂದ್ಲು. 'ಅಕ್ಕಾ, ಮುಚ್ಚಳ ತೆಗೆಯೋ ಹಾಗಿಲ್ಲ, ಕಾವು ತಗುಲಿದ್ರೆ ಒಳಗಿರೋದು ಸಾಯುತ್ತೆ' ಅಂದೆ."

ಅಷ್ಟರಲ್ಲಿ ಡಾಕ್ಟರು ಹೊರಬಂದರು. ತಣ್ಣಣ್ಣ ಅವರ ಗಂಟಲನ್ನೂ ಬಿಡುವುದಿಲ್ಲ. ಮೂಗಿನ ಮೇಲೆ ಇಲ್ಲದ ಕನ್ನಡಕ ಸರಿಸಿ, "'ನಿನ್ನೆಯಿಂದ ಕಾಮಾಲೆ ಏರಿದೆ. ಈ ಸ್ಥಿತಿಯಲ್ಲಿ ಲಸಿಕೆ ಕೊಡುವಂತಿಲ್ಲ. ದಯವಿಟ್ಟು ಸಹಕರಿಸಿ.'" ಅನುಕರಣೆ ಅಚ್ಚುಕಟ್ಟು. ನಗು ಮಾತ್ರ ಬರುವುದಿಲ್ಲ.

ಕೊಡದ ಲಸಿಕೆ ಪ್ರಯೋಗಾಲಯಕ್ಕೆ ವಾಪಸಾಗಬೇಕು, ಅದು ನಿಯಮ. ಮುಚ್ಚಿ ತಂದದ್ದನ್ನು ಮುಚ್ಚಿಯೇ ಒಯ್ದರು. ಭಾವ ಆ ವಾರವೇ ತೀರಿಕೊಂಡರು. ಮನೆಗೆ ಹೋದ ತಮ್ಮನನ್ನು ಅಕ್ಕ ಹೊಸ್ತಿಲಲ್ಲೇ ತಡೆದು ಕೇಳಿದರು: "ಖಾಲಿ ಪೆಟ್ಟಿಗೆ ಹೊತ್ಕೊಂಡು ಬಂದು ನಾಟಕ ಆಡಿದ್ಯೇನೋ? ನಿಮ್ಮೋರು ಔಷಧಿ ಮಾಡೇ ಇರ್ಲಿಲ್ಲ, ಅಲ್ವಾ?" ಅಂದಿನಿಂದ ಆ ಬಾಗಿಲಿಗೂ ಸೀಲು ಬಿದ್ದಿದೆ.

ವಾಪಸು ಬಂದ ಲಸಿಕೆಗಳನ್ನು ಪರೀಕ್ಷಿಸಿ ಕಲಿತ ಪ್ರಯೋಗಾಲಯದವರು ಈಗ ತಯಾರಿಯಲ್ಲಿ ಒಂದು ವಾರ ಉಳಿಸಿದ್ದಾರೆ. "ಭಾವಂದೂ ಅದಕ್ಕೆ ಬಳಕೆ ಆಯ್ತಂತೆ. ಸತ್ತ ಮೇಲೂ ಕ್ಲಾಸು ತಗೊಂಡ್ರು ನೋಡಿ, ಬೇಗ ಹೋಗೋದು ಹೇಗೆ ಅಂತ."

ಆಸ್ಪತ್ರೆ ಬರುತ್ತದೆ. ಒಳಕೋಣೆಯಲ್ಲಿ ನರ್ಸ್ ಮುಚ್ಚಳ ತೆಗೆದಾಗ ಬಿಳಿ ಹೊಗೆ ಉಕ್ಕಿ ನೆಲಕ್ಕಿಳಿಯುತ್ತದೆ. ಗಾಜಿನ ಈಚೆ ನಿಂತ ತಣ್ಣಣ್ಣ ಕಣ್ಣು ಕೀಳುವುದಿಲ್ಲ. "ಈ ಹೊಗೇನ ಅಕ್ಕ ಒಂದ್ಸಲ ನೋಡ್ಬೇಕು ಸರ್. ಅಷ್ಟೇ ಆಸೆ."

ಲಸಿಕೆ ಇಳಿಸಿದ ಪೆಟ್ಟಿಗೆ ಕೈಗೆ ಬರುತ್ತದೆ. ಒಳಗೆ ತಂಪು ಇನ್ನೂ ಇದೆ, ಮುಚ್ಚಳ ತೆಗೆದರೆ ಹೊಗೆಯೂ ಬರುತ್ತದೆ. ಈಗ ತೆಗೆದರೆ ಯಾರ ಔಷಧಿಯೂ ಹಾಳಾಗದು. ವಾಪಸು ಹೋಗುವ ದಾರಿಯಲ್ಲೇ ಅಕ್ಕನ ಮನೆ. ಇದನ್ನೇ ಅವರಿಗೆ ತೋರಿಸಬಹುದಲ್ಲ ಎಂದು ನಾನೆಂದರೆ ಬೆಲ್ಟು ಬಿಗಿಯುತ್ತಿದ್ದ ಕೈ ನಿಲ್ಲುತ್ತದೆ.

"ಇದು ಖಾಲಿ ಪೆಟ್ಟಿಗೆ ಸರ್. ಅವಳ ಮುಂದೆ ನಾನು ಖಾಲಿ ಪೆಟ್ಟಿಗೆ ಹಿಡಿಯಲ್ಲ. ಆವತ್ತೂ ಹಿಡಿದಿರ್ಲಿಲ್ಲ."