ಹತ್ತರ ತಲೆಯ ಮೇಲಿನ ಐದು

ಮೊಬೈಲಿಗೆ ರಕ್ತಪರೀಕ್ಷೆಯ ಸಂದೇಶ ಬಂತು. ನಾಲ್ಕು ದಿನದಿಂದ ಜ್ವರದಲ್ಲಿ ಮಲಗಿದ್ದ ಮಗಳ ಹೆಸರಿನ ಕೆಳಗೆ ‘ಪ್ಲೇಟ್‌ಲೆಟ್ 1.8 x 105’ ಎಂದಿತ್ತು. ಮೊಬೈಲಿನಲ್ಲೇ ಗುಣಿಸಿದೆ. ನೂರಾ ಎಂಬತ್ತೊಂಬತ್ತು! ಡೆಂಗಿ ಬಂದು ಇಪ್ಪತ್ತು ಸಾವಿರಕ್ಕೆ ಇಳಿದಿದ್ದಕ್ಕೇ ನಮ್ಮ ಬೀದಿಯ ಒಬ್ಬರನ್ನು ಐಸಿಯುಗೆ ಸೇರಿಸಿದ್ದರು.

ಕಾರು ಕೇಳಲು ಎದುರುಮನೆಗೆ ಓಡಿದೆ. ಅಲ್ಲಿರುವ ಸುಶೀಲಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಮೊಬೈಲು ಇಸಿದುಕೊಂಡು ನೋಡಿದರು.

“ಇದು ನೂರೈದಲ್ಲ ಕಣಮ್ಮ. ಆ ಐದು ಹತ್ತರ ತಲೆ ಮೇಲೆ ಚಿಕ್ಕದಾಗಿ ಇರಬೇಕಿತ್ತು, ಮೆಸೇಜಲ್ಲಿ ಕೆಳಗಿಳಿದುಬುಟ್ಟಿದೆ. ಐದು ಹತ್ತುಗಳನ್ನ ಗುಣಿಸಿದ್ರೆ ಒಂದು ಲಕ್ಷ. ಮಗುಗಿರೋದು ಒಂದು ಲಕ್ಷದ ಎಂಬತ್ತು ಸಾವಿರ. ಒಂದೂವರೆ ಲಕ್ಷದ ಮೇಲಿದ್ರೆ ಸರಿಯಾಗಿದೆ ಅಂತಲೇ.”

ಅವರ ಮೆಟ್ಟಿಲ ಮೇಲೆಯೇ ಕುಸಿದು ಅತ್ತುಬಿಟ್ಟೆ.

ಎರಡು ದಿನ ಕಳೆದು ಮತ್ತೆ ರಕ್ತ ಕೊಟ್ಟು ಬಂದೆವು. ಈ ಸಲ ‘9 x 104’ ಎಂದು ಬಂತು. “ಒಂದು ಚಿಲ್ಲರೆ ಇದ್ದಿದ್ದು ಒಂಬತ್ತಾಗಿದೆ, ಇನ್ನೇನೂ ಭಯ ಇಲ್ಲ ಬುಡು” ಎಂದರು ನಮ್ಮವರು. ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ನಾಲ್ಕು ಹತ್ತುಗಳೆಂದರೆ ಹತ್ತು ಸಾವಿರ, ಅಂಥವು ಒಂಬತ್ತು. ತೊಂಬತ್ತು ಸಾವಿರ! ಅರ್ಧಕ್ಕೆ ಇಳಿದಿತ್ತು. ಆ ಕ್ಷಣವೇ ಮಗಳನ್ನು ಆಸ್ಪತ್ರೆಗೆ ಕರೆದೊಯ್ದೆವು. ಎಣಿಕೆ ಇನ್ನೂ ಇಳಿಯುತ್ತಿದೆಯೆಂದು ಅಲ್ಲೇ ಸೇರಿಸಿಕೊಂಡರು. ವಾರದ ನಂತರ ಅವಳು ಗುಣವಾಗಿ ಮನೆಗೆ ಬಂದಳು.

ಮೊದಲ ದಿನದ ನನ್ನ ಭಯ ಸುಳ್ಳಾಗಿತ್ತು. ಆದರೆ ಅಂದು ಹೆದರಿ ಓಡದೇ ಇದ್ದಿದ್ದರೆ, ಒಂಬತ್ತನ್ನು ಕಂಡು ನಾನೂ ನೆಮ್ಮದಿಯಾಗಿ ಮನೆಯಲ್ಲೇ ಕೂತಿರುತ್ತಿದ್ದೆ.