ದವಡೆಗೂ ಮಡಿಗೂ ನಡುವೆ

ನನ್ನ ದವಡೆ ಸಿಕ್ಕಿಕೊಂಡದ್ದು ಬೆಳಗಿನ ಪೂಜೆಯ ನಡುವೆ. ಗಾಳಿಬೀಡಿನ ಕಡೆಯ ಒಂದು ಸಣ್ಣ ದೇವಸ್ಥಾನದಲ್ಲಿ ಅಣ್ಣನೂ ನಾನೂ ಅರ್ಚಕರು. ಮಂತ್ರ ಹೇಳುತ್ತಿದ್ದಾಗ ಕಿವಿಯ ಮುಂದೆ ಟಕ್ ಎಂದಿತು. ಬಾಯಿ ಒಂದು ಬೆರಳು ಹೋಗುವಷ್ಟು ತೆರೆದು ಅಲ್ಲಿಗೇ ನಿಂತಿತು. ಎಷ್ಟೋ ದಿನದಿಂದ ಆ ಸದ್ದು ಇದ್ದೇ ಇತ್ತು. ಹಲ್ಲುನೋವೆಂದುಕೊಂಡು ಲವಂಗ ಒತ್ತಿಕೊಂಡು ಸುಮ್ಮನಿದ್ದೆ.

ಮಡಿಕೇರಿಯ ಹಲ್ಲಿನ ಡಾಕ್ಟರು ನೋಡಿ, ಇದು ಹಲ್ಲಿನದ್ದಲ್ಲ, ದವಡೆಯ ಕೀಲು ಮತ್ತು ಸ್ನಾಯುವಿನ ತೊಂದರೆ ಎಂದರು. ಕುಶಾಲನಗರದ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿಗೆ ಕಳಿಸಿದರು. ಆಕೆ ಕೆನ್ನೆಗೆ ಶಾಖ ಕೊಟ್ಟು, ಕೈಗೊಂದು ಪ್ಲಾಸ್ಟಿಕ್ ಉಪಕರಣ ಇತ್ತರು. ಕೊಕ್ಕಿನಂಥ ಅದರ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಹಿಡಿಯನ್ನು ಅದುಮಿದರೆ ಬಾಯಿ ನಿಧಾನವಾಗಿ ತೆರೆದುಕೊಳ್ಳುತ್ತದೆ.

“ಸ್ವಲ್ಪ ಸ್ವಲ್ಪವೇ ಮಾಡಿ ಸರ್. ಆದ್ರೆ ದಿನಕ್ಕೆ ತುಂಬ ಸಲ ಮಾಡ್ಬೇಕು. ಬಿಟ್ರೆ ಮತ್ತೆ ಟೈಟ್ ಆಗ್ತದೆ.”

ತುಂಬ ಸಲ! ಅದನ್ನು ಬಾಯಿಗಿಟ್ಟರೆ ಸಾಕು, ಜೊಲ್ಲು ಗಲ್ಲದಿಂದ ಎದೆಗೆ ಇಳಿಯುತ್ತಿತ್ತು. ಮಡಿಯ ವಿಷಯದಲ್ಲಿ ಅಣ್ಣ ಬಹಳ ಕಟ್ಟುನಿಟ್ಟು. “ಎಂಜಲಾಯ್ತಲ್ಲ, ಮಿಂದು ಬಾ” ಎನ್ನುತ್ತಿದ್ದ. ಮಂಜು ಬಿಡದ ಬೆಳಿಗ್ಗೆ ತಣ್ಣೀರು ಸುರಿದುಕೊಂಡು ನಡುಗುವಾಗ, ಉಪಕರಣ ಸಡಿಲಿಸಿದ್ದನ್ನೆಲ್ಲ ಸ್ನಾನ ಬಿಗಿಯುತ್ತಿತ್ತು. ಮತ್ತೆ ಅದುಮು, ಮತ್ತೆ ಮೀಯು. ಊಟಕ್ಕೆ ಹೆಂಡತಿ ಮಾಡಿಕೊಟ್ಟ ಗಂಜಿ. ಸಾಲದ್ದಕ್ಕೆ, ಪೂಜೆಗೆ ಬಂದವರು “ಏನು ಭಟ್ರೇ, ಮೌನವ್ರತವಾ?” ಎಂದು ನಗುತ್ತಿದ್ದರು. ಉತ್ತರ ಕೊಡಲು ಬಾಯಿ ತೆರೆಯಬೇಕಲ್ಲ!

ಒಂದು ದಿನ ತಡೆಯಲಾಗಲಿಲ್ಲ. ಬಾವಿಕಟ್ಟೆಯಲ್ಲಿ ಬಿಂದಿಗೆ ಕುಕ್ಕಿ, ಅಣ್ಣನ ಮುಂದೆ ಉಪಕರಣ ಹಿಡಿದೆ.

“ನೀನೇ ಒಂದು ದಿನ ಇದನ್ನು ಬಾಯಿಗಿಟ್ಟು ನೋಡು. ಆಮೇಲೆ ಮೀಯಲಿಕ್ಕೆ ಹೇಳು!”

ಹಲ್ಲುಗಳ ಸಂದಿನಿಂದ ಬಂದ ನನ್ನ ಮಾತು ಅವನಿಗೆ ಎಷ್ಟು ಅರ್ಥವಾಯಿತೋ ಕಾಣೆ. ನನ್ನ ಮುಖವನ್ನೇ ನೋಡಿ, “ಹಾಗಾದ್ರೆ ಗುಣ ಆಗುವವರೆಗೆ ನೀನು ಪೂಜೆಗೆ ಬರೋದು ಬೇಡ ಮಾರಾಯ. ನಾನು ನೋಡ್ಕೊಳ್ತೇನೆ” ಎಂದ.

ನನಗೆ ಬೇಕಿದ್ದ ಬಿಡುವೇ ಅದು. ಆದರೂ ಮನೆಯಲ್ಲಿ ಕೂತು ಮೈಕಿನಲ್ಲಿ ಅವನ ಮಂತ್ರ ಕೇಳುವಾಗ ಹೊಟ್ಟೆ ಉರಿಯುತ್ತಿತ್ತು. ಸಿಟ್ಟು ಬಂದಾಗೆಲ್ಲ ಹಲ್ಲು ಕಚ್ಚುತ್ತಿದ್ದೆ. ಕಚ್ಚಲೇಬಾರದೆಂದು ಫಿಸಿಯೋಥೆರಪಿಸ್ಟ್ ಹೇಳಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಬಾಯಿ ಮೂರು ಬೆರಳಿನಷ್ಟು ತೆರೆಯಿತು. ಸದ್ದು ಹೋಗಲಿಲ್ಲ, ನೋವಿಲ್ಲದಿದ್ದರೆ ಅದನ್ನು ಲೆಕ್ಕಿಸಬೇಡಿ ಎಂದರು ಆಕೆ. ಮರುದಿನವೇ ಮಿಂದು, ಮಡಿಯುಟ್ಟು ಕತ್ತಲಿರುವಾಗಲೇ ದೇವಸ್ಥಾನಕ್ಕೆ ಹೋದೆ. ಅಣ್ಣ ಆಗಲೇ ದೀಪ ಹಚ್ಚಿದ್ದ.

“ಬೆಳಗಿನ ಚಳಿ ನಿನ್ನ ದವಡೆಗೆ ಆಗೋದಿಲ್ಲ. ಇನ್ನು ಸಂಜೆಯ ಪೂಜೆ ಮಾತ್ರ ಮಾಡು, ಸಾಕು.”

ಅವನು ಹೇಳಿದ್ದು ಕಾಳಜಿಯಿಂದಲೇ. ಅದಕ್ಕೇ ಜಗಳವಾಡಲೂ ಆಗಲಿಲ್ಲ.