ದೊಡ್ಡಸಿದ್ದಯ್ಯನ ಪಂಪು
ಹನೂರಿಗೆ ಬರುವ ಬಸ್ಸುಗಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲೇ ಅವುಗಳ ಮೈ ತೊಳೆಯಲು ದೊಡ್ಡಸಿದ್ದಯ್ಯನಿದ್ದ. ತಳ್ಳುಗಾಡಿಯ ಮೇಲೆ ನೀರಿನ ಡ್ರಮ್ಮು, ಕೈಪಂಪು, ಉದ್ದನೆಯ ರಬ್ಬರ್ ಪೈಪು. ಅವನು ನೀರು ಹಾಯಿಸಿದರೆ ಕೆಸರಿನ ಜೊತೆ ಬಣ್ಣವೂ ಕಿತ್ತುಬರುತ್ತದೆಂದು ಕಂಡಕ್ಟರುಗಳು ಹೆದರುತ್ತಿದ್ದರು. ಮಹದೇಶ್ವರ ಬೆಟ್ಟದಲ್ಲಿ ಬಸ್ಸಿನ ಹಣೆಗೆ ಬಳಿದ ವಿಭೂತಿಗೆ ಮಾತ್ರ ಒಂದು ಹನಿಯೂ ತಾಕುತ್ತಿರಲಿಲ್ಲ. ಮಧ್ಯಾಹ್ನ ಬೆಟ್ಟದ ಕೊನೆಯ ಬಸ್ಸು ಹೊರಟಿತೆಂದರೆ ಯಾರು ಕರೆದರೂ, "ಪಂಪು ಕೆಟ್ಟೋಯ್ತು ಸಾ, ನಾಳೆ ಬನ್ನಿ" ಎನ್ನುವನು. ನೆಟ್ಟಗಿದ್ದ ಪಂಪನ್ನೇ ಬಿಚ್ಚಿಟ್ಟುಕೊಂಡು ಚರ್ಮದ ವಾಷರಿಗೆ ಹರಳೆಣ್ಣೆ ಸವರುವನು, ಒರೆಸುವನು, ಮತ್ತೆ ಸವರುವನು. ಸಂಜೆ, ಬೆಟ್ಟದ ತಿರುವುಗಳನ್ನೆಲ್ಲ ಇಳಿದು ಬಂದ ಆ ಕೊನೆಯ ಬಸ್ಸಿನ ಹಾರನ್ ಕೇಳಿದೊಡನೆ ಪಂಪು ತಾನಾಗಿ ಕೂಡಿಕೊಂಡಂತೆ ಸಿದ್ಧವಾಗುತ್ತಿತ್ತು. ಡ್ರೈವರ್ ಸೀಟಿನಿಂದ ಮಗ ಮುತ್ತಯ್ಯ ಇಳಿದು, "ಏನಪ್ಪಾ, ಇವತ್ತೂ ಕೆಟ್ಟೋಗಿತ್ತಾ?" ಎಂದರೆ, ಅವನು ಉಸಿರು ಬಿಟ್ಟು ನಗುತ್ತಿದ್ದ: "ಈಗ ಸರೋಯ್ತು ಕಣ್ಲಾ."